ಅಣ್ಣನ ಮರ, ಅವ್ವನ ಪೂಜೆ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ತುರುವೇಕೆರೆ ಕಡೆಯ ನಮ್ಮ ಊರಿಂದ ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬಂದು ಬಿ.ಎಸ್ಸಿ. ಮುಗಿಸಿದೆ. ಬಸ್ಸು ಕೆಟ್ಟರೆ ದಾರಿಯಲ್ಲಿನ ಬಿಳಿಗೆರೆಯಿಂದ ಯಾವುದಾದರೂ ಕೊಬ್ಬರಿ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಬಂದದ್ದೂ ಉಂಟು. ಆದರೆ ಎದುರು ನಿಲ್ಲುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಅದನ್ನು ನಾನು ಕಲಿತದ್ದು ನಮ್ಮ ತೋಟದಲ್ಲಿ, ನಮ್ಮವ್ವ ಒಂದು ತೆಂಗಿನ ಮರದ ಬುಡದಲ್ಲಿ ಲಿಂಗಪೂಜೆಗೆ ಕೂತ ದಿನ.

ಅವ್ವನ ಪೂಜೆ ದೊಡ್ಡದೇನಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು, ಸ್ನಾನ ಮಾಡಿ, ಕೊರಳಲ್ಲಿದ್ದ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಒಂದಿಷ್ಟು ವಿಭೂತಿ, ನೀರು, ಸಿಕ್ಕರೆ ಒಂದೆಸಳು ಪತ್ರೆ. ಒಲೆಯ ಮೇಲಿಟ್ಟ ಕಾಫಿ ನೀರು ಕುದಿ ಬರುವುದರೊಳಗೆ ಮುಗಿಯುತ್ತಿತ್ತು. ಆಮೇಲೇ ಬಾಯಿಗೆ ಏನಾದರೂ. ಲಿಂಗ ಅಂಗೈಯಲ್ಲಿ ಇರುವಷ್ಟು ಹೊತ್ತು ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ಹಸು ಹಗ್ಗ ಬಿಚ್ಚಿಕೊಂಡು ಓಡಿದರೂ ಪೂಜೆ ಮುಗಿಸದೆ ಅವಳು ಏಳುವ ಹಾಗಿಲ್ಲ. ಈ ಶಿಸ್ತನ್ನು ಚಿಕ್ಕಂದಿನಲ್ಲಿ ನನಗೂ ಅಣ್ಣನಿಗೂ ಗದರಿಸಿ ಕಲಿಸಿದವರು ದೊಡ್ಡಪ್ಪ. ಅಪ್ಪನ ಅಣ್ಣ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ತೋಟ ಇನ್ನೂ ಭಾಗವಾಗಿರಲಿಲ್ಲ. ಆದ್ದರಿಂದ ನಮ್ಮ ಪಾಲಿನ ಸಾಲುಗಳನ್ನು ನಾವೇ ದುಡಿದರೂ ಯಜಮಾನಿಕೆ ಅವರದು.

ಅಪ್ಪ ಕಾಮಾಲೆಯಲ್ಲಿ ಹೋದಾಗ ನಾನು ಸ್ಲೇಟು ಹಿಡಿಯುತ್ತಿದ್ದ ವಯಸ್ಸಿನವಳು. ಹೆಚ್ಚು ನೆನಪಿಲ್ಲ. ನೆನಪಿರುವುದು ಅಣ್ಣ. ಹೈಸ್ಕೂಲು ಬಿಟ್ಟು ತೋಟಕ್ಕಿಳಿದ ಅವನು ಮೀಸೆ ಮೂಡುವ ಹೊತ್ತಿಗೇ ಮನೆಯ ಗಂಡಸಾಗಿದ್ದ. ಒಳ್ಳೆಯ ಮರ ಯಾವುದು, ಯಾವುದರ ಕಾಯಿ ಬಿತ್ತನೆಗೆ ಆದೀತು ಎಂದು ನೋಡಿ ನೋಡಿ ಆರಿಸಿ, ಬಾವಿಯ ಹತ್ತಿರ ಮರಳಿನಲ್ಲಿ ಹೂತು ಸಸಿ ಎಬ್ಬಿಸುತ್ತಿದ್ದ. "ಇದು ಕಾಯಿ ಬುಡೋ ಹೊತ್ಗೆ ನಿನ್ ಮದ್ವೆ ಆಗಿರ್ತದೆ ಕಣೇ" ಎಂದು ನನ್ನನ್ನು ರೇಗಿಸುತ್ತಿದ್ದ. "ನಿನ್ನ ಮದ್ವೆ ಆಗ್ಲಿ ಮೊದ್ಲು" ಎಂದು ನಾನು ನಾಲಿಗೆ ಚಾಚುತ್ತಿದ್ದೆ.

ಅವನ ಮದುವೆ ಆಗಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಚಿತ್ತೆ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದವನು ಅಲ್ಲೇ ಬಿದ್ದ. ಬಾವಿಕಟ್ಟೆ ನೆಂದಿತ್ತು. ಅವನು ಬರಿಗಾಲಲ್ಲಿದ್ದ. ಅಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ನಮ್ಮಲ್ಲಿ ಮಣ್ಣು ಮಾಡುವುದು ಸ್ವಂತ ತೋಟದಲ್ಲೇ. ಈಶಾನ್ಯದ ಮೂಲೆಯಲ್ಲಿ ಬಿಲ್ವದ ಮರದ ಕೆಳಗೆ ಹಿರಿಯರ ಸಮಾಧಿಗಳಿದ್ದವು. ಅಪ್ಪನೂ ಅಲ್ಲೇ ಇದ್ದರು. ಅಣ್ಣನನ್ನೂ ಅಲ್ಲೇ ಇಡುತ್ತಾರೆ ಎಂದು ಅವ್ವ ಅಂದುಕೊಂಡಿದ್ದಳು. ದೊಡ್ಡಪ್ಪ ಬೇಡವೆಂದರು.

"ಮದ್ವೆ ಇಲ್ದೆ ಹೋದ ಹುಡುಗ. ಹೋಗಿರೋದೂ ಆಯಸ್ಸು ತೀರಿ ಅಲ್ಲ. ಹಿರೀಕರ ಪಕ್ಕ ಬ್ಯಾಡ ಕಣಮ್ಮ. ಆ ಕಡೆ ಸಾಲಲ್ಲಿ ಒಂದು ಜಾಗ ಖಾಲಿ ಐತಲ್ಲ, ಅಲ್ಲಿ ಮಾಡುವ."

ಅವರು ಹೇಳಿದ ಜಾಗ ತೋಟದ ನಡುಮಧ್ಯೆ. ಕುರುವಾಯಿ ಹುಳ ಸುಳಿ ಕೊರೆದು ಒಂದು ಹಳೆಯ ಮರ ಸತ್ತು, ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಸಂದು ಉಳಿದಿತ್ತು. ಅವ್ವ ಆಗ ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ. ಅಣ್ಣನನ್ನು ಅಲ್ಲಿಯೇ, ನಮ್ಮ ಪದ್ಧತಿಯಂತೆ ಕೂತ ಭಂಗಿಯಲ್ಲಿ ಇಟ್ಟು ಮಣ್ಣು ಮುಚ್ಚಿದರು.

ಮಾರನೆಯ ಬೆಳಿಗ್ಗೆ ಅವ್ವ ಎಂದಿನ ಹೊತ್ತಿಗೆ ಎದ್ದಳು. ಕೊಟ್ಟಿಗೆ ಬಳಿದಳು, ಹಾಲು ಕರೆದಳು, ಸ್ನಾನ ಮಾಡಿ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕೂತಳು. ಸಾವಿಗೆ ಬಂದ ನೆಂಟರು ಜಗಲಿಯಲ್ಲಿ ಮಲಗಿದ್ದರು. ಎದ್ದವರು ನೋಡಿದರು. ಪೂಜೆ ಮುಗಿಯುವವರೆಗೆ ತಡೆದುಕೊಂಡಿದ್ದ ದೊಡ್ಡಮ್ಮ ಕೇಳಿಯೇ ಬಿಟ್ಟರು.

"ಗಂಡನ್ನ ಕಿತ್ಕೊಂಡ, ಈಗ ಮಗನ್ನೂ ಕಿತ್ಕೊಂಡ. ಇನ್ನೂ ಏನ್ ಕೊಡ್ತಾನೆ ಅಂತ ಅವನ್ ಮುಂದೆ ಕೂತಿದ್ದೀಯೇ?"

ಅವ್ವ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತ ಹೇಳಿದಳು: "ಕೊಡ್ಲಿ ಅಂತ ಯಾವತ್ತು ಕೂತಿದ್ದೆ ಅಕ್ಕ? ಕೊಡೋದು ಬುಡೋದು ಅವನಿಷ್ಟ. ಹಿಡ್ಕಳೋದು ನನ್ನಿಷ್ಟ. ಅವನು ಕೈ ಬುಟ್ಟ ಅಂತ ನಾನೂ ಬುಟ್ರೆ, ಅವನಿಗೂ ನನಗೂ ಏನು ವ್ಯತ್ಯಾಸ?"

ಕಲ್ಲು ಮನಸ್ಸು ಎಂದರು ಕೆಲವರು. ಅವಳಿಗೆ ಕೇಳಿಸಿತು. ಕೇಳಿಸದವಳ ಹಾಗೆ ಎದ್ದು ಹೋಗಿ ಅವರಿಗೇ ಕಾಫಿ ಕಾಯಿಸಿ ತಂದುಕೊಟ್ಟಳು.

ಅಣ್ಣನ ಹೆಸರಿನ ಶಿವಗಣಾರಾಧನೆ ಮುಗಿದು ನೆಂಟರು ಊರಿಗೆ ಹೊರಟ ದಿನ ಅವ್ವ ಸನಿಕೆ ಎತ್ತಿಕೊಂಡು ತೋಟಕ್ಕೆ ಹೋದಳು. ಹಿಂದೆ ನಾನು. ಅಣ್ಣ ಬಾವಿಯ ಹತ್ತಿರ ಎಬ್ಬಿಸಿದ್ದ ಸಸಿಗಳಲ್ಲಿ ದಪ್ಪ ಬುಡದ್ದೊಂದನ್ನು ಕಿತ್ತಳು. ಮಣ್ಣಿನ ಗುಡ್ಡೆಯ ಹಿಂಬದಿಯಲ್ಲಿ, ಸಾಲಿಗೆ ಸರಿಯಾಗಿ ಬರುವಂತೆ, ಆ ಕಡೆ ಈ ಕಡೆಯ ಮರಗಳನ್ನು ಒಂದು ಕಣ್ಣು ಮುಚ್ಚಿ ನೋಡಿ, ಗುಂಡಿ ತೋಡಿ ನೆಟ್ಟಳು. ಅಷ್ಟರಲ್ಲಿ ದೊಡ್ಡಪ್ಪ ಬಂದರು.

"ಏನ್ ಮಾಡ್ತಿದ್ದೀಯಮ್ಮ? ಸಮಾಧಿ ಮೇಲೆ ಫಲ ಕೊಡೋ ಗಿಡ ಇಡ್ತಾರ? ಅದರ ಕಾಯಿ ಯಾರು ತಿಂತಾರೆ?"

"ನಾನು ತಿಂತೀನಿ ಭಾವ."

"ಸೂತಕದ ಕಾಯಿ ಆಗಲ್ವ ಅದು?"

"ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲೈತೆ? ನೀವೇ ಅಲ್ವ ನಮಗೆ ಹೇಳ್ಕೊಟ್ಟಿದ್ದು. ಹಿರೀಕರ ಪಕ್ಕ ಬ್ಯಾಡ ಅಂದ್ರಿ, ಆಯ್ತು ಅಂದೆ. ಸಾಲಲ್ಲಿ ಇಡುವ ಅಂದ್ರಿ, ಆಯ್ತು ಅಂದೆ. ಸಾಲಲ್ಲಿ ಇಟ್ಮೇಲೆ ಸಾಲು ಖಾಲಿ ಬುಡಕ್ಕಾಯ್ತದ?"

ದೊಡ್ಡಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಕೆಟ್ಟವರಲ್ಲ ಅವರು. ಅಪ್ಪ ಹೋದ ಮೇಲೆ ನಮ್ಮ ಹೊಲದ ರಾಗಿ ಕೊಯ್ಯಿಸಿ ಹಾಕಿಸುತ್ತಿದ್ದವರು ಅವರೇ. ಆದರೆ ಎದುರು ಮಾತು ಕೇಳಿ ಅಭ್ಯಾಸವಿಲ್ಲದವರು. ಆ ಸಸಿ ಉಳಿಯುವುದಿಲ್ಲ, ಬೇಸಿಗೆಗೆ ತಾನಾಗಿ ಒಣಗುತ್ತದೆ ಎಂದುಕೊಂಡು ಮನೆಯ ಕಡೆ ನಡೆದರು.

ಒಣಗಲು ಅವ್ವ ಬಿಡಬೇಕಲ್ಲ. ಆ ಬಾವಿಯ ಪಂಪ್‌ಸೆಟ್ಟನ್ನು ಅವಳು ಮತ್ತೆ ಮುಟ್ಟಲಿಲ್ಲ. ದೊಡ್ಡಪ್ಪನ ಆಳು ಮೋಟಾರು ಹಾಕಿದ ದಿನ ಕಾಲುವೆಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಬಾವಿಯಿಂದ ಸೇದಿ ಬಿಂದಿಗೆಯಲ್ಲಿ ಹೊತ್ತು ಪಾತಿಗೆ ಹುಯ್ಯುತ್ತಿದ್ದಳು. ಆಡು ಮೇಯದಂತೆ ಸುತ್ತ ಜಾಲಿಮುಳ್ಳು ಕಟ್ಟಿದಳು. ಸುಳಿಗೆ ಹುಳ ಬೀಳದಂತೆ ಮರಳು, ಬೇವಿನ ಹಿಂಡಿ ಕಲಸಿ ಹಾಕಿದಳು. ಅದು ಬೇರೆ ಮರಕ್ಕೂ ಮಾಡುವ ಆರೈಕೆಯೇ. ಅದರ ಹತ್ತಿರ ಹೋಗಿ ಅಳುವುದಾಗಲಿ, ಮಾತಾಡುವುದಾಗಲಿ ನಾನು ಒಮ್ಮೆಯೂ ನೋಡಲಿಲ್ಲ. ಅಳು ಬಂದರೆ ಸೌದೆ ಒಡೆಯುತ್ತಿದ್ದಳು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಸೌದೆಗೆ ಕೊರತೆ ಬರಲಿಲ್ಲ.

ಏಳನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಬಿಡಿಸಿ, ಎರಡು ವರ್ಷದಲ್ಲಿ ಮದುವೆ ಮಾಡಿ ಜವಾಬ್ದಾರಿ ಕಳೆದುಕೊ ಎಂದರು ಊರಿನವರು. "ಓದ್ಲಿ ಬುಡಿ. ಮನೇಲಿ ಒಬ್ರಾದ್ರೂ ದೊಡ್ಡದಾಗಿ ಏನಾದ್ರೂ ಮುಗಿಸ್ಲಿ" ಎಂದಳು ಅವ್ವ. ಅಪ್ಪನ ಬದುಕು, ಅಣ್ಣನ ಬದುಕು ಅರ್ಧಕ್ಕೇ ನಿಂತದ್ದನ್ನು ಅವಳು ಹೇಳುತ್ತಿದ್ದ ರೀತಿ ಅದು. ಹೈಸ್ಕೂಲಿಗೆ ಹೋದೆ. ತುರುವೇಕೆರೆಯಲ್ಲಿ ಪಿಯುಸಿ ಮಾಡಿದೆ. ತಿಪಟೂರಿಗೆ ಹೋಗಲು ಶುರುಮಾಡಿದ ವರ್ಷ ಆ ಮರ ನನಗಿಂತ ಎಷ್ಟೋ ಎತ್ತರವಾಗಿತ್ತು. ಡಿಗ್ರಿ ಮುಗಿಯುತ್ತ ಬಂದಾಗ ಮೊದಲ ಹೊಂಬಾಳೆ ಒಡೆಯಿತು. ಕಾಲೇಜಿನಿಂದ ಬಂದವಳಿಗೆ ಅವ್ವ ಅದನ್ನು ಹೇಳಿದ್ದು ಹೀಗೆ: "ನಿಮ್ಮಣ್ಣಂದು ಹೊಂಬಾಳೆ ಬುಟ್ಟದೆ. ಕೈಕಾಲು ತೊಳ್ಕೊಂಡು ಊಟ ಮಾಡು."

ತೊಂದರೆ ಶುರುವಾದದ್ದು ಆಗಲೇ. ಆ ವರ್ಷ ದೊಡ್ಡಪ್ಪನ ಮನೆಗೆ ಒಂದರ ಮೇಲೊಂದು ಕಷ್ಟ ಬಂತು. ಹಾಲು ಕೊಡುವ ಎಮ್ಮೆ ಸತ್ತಿತು. ಮಗನಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಶಾಸ್ತ್ರ ಹೇಳುವವನೊಬ್ಬನ ಹತ್ತಿರ ಹೋಗಿ ಕೇಳಿ ಬಂದರು. ಹೆಣದ ಮೇಲೆ ಬೆಳೆದದ್ದೊಂದು ನಿಮ್ಮ ಜಮೀನಿನಲ್ಲಿ ಫಲಕ್ಕೆ ಬಂದಿದೆ, ಅದನ್ನು ತೆಗೆಯುವವರೆಗೆ ಮನೆ ಏಳುವುದಿಲ್ಲ ಎಂದನಂತೆ. ದೊಡ್ಡಪ್ಪ ನಮ್ಮ ಜಗಲಿಗೆ ಬಂದು, ಕೂರದೆ, ನಿಂತೇ ಹೇಳಿದರು.

"ಆ ಮರ ಕಡಿಸ್ಬೇಕು ಕಣಮ್ಮ."

"ಎಮ್ಮೆಗೆ ಚಪ್ಪೆ ರೋಗ ಬಂದಿತ್ತು ಭಾವ. ಊರೆಲ್ಲ ಬಂದಿತ್ತು. ಊರೆಲ್ಲ ನನ್ ಮಗನ್ನ ಹೂತವ್ರಾ?"

"ವಾದ ಬ್ಯಾಡ. ದೇವ್ರನ್ನೇ ಕೇಳುವ. ಮೊದಲ ಕಾಯಿ ಹೆಂಗಿದ್ರೂ ಗುಡೀಲಿ ಒಡೀಬೇಕು. ಒಳ್ಳೇದು ಬಂದ್ರೆ ಮರ ಇರ್ಲಿ. ಕೆಟ್ಟಿದ್ರೆ ಮಾರನೇ ದಿನವೇ ಕೊಡ್ಲಿ."

ನಮ್ಮ ಕಡೆ ಹೊಸ ಮರದ ಮೊದಲ ಗೊನೆಯನ್ನು ಮನೆಯವರು ತಿನ್ನುವುದಿಲ್ಲ. ಮೊದಲು ದೇವರಿಗೆ. ಒಡೆಯಬೇಕಾದವರು ಯಜಮಾನರು. ಅದನ್ನೇ ದೊಡ್ಡಪ್ಪ ಪರೀಕ್ಷೆಯಾಗಿ ಮಾಡಿದರು. ತೆಂಗು ಬೆಳೆಯುವ ಯಾರಿಗಾದರೂ ಗೊತ್ತು, ಎಳೆ ಮರದ ಮೊದಲ ಗೊನೆಯನ್ನು ನಂಬಲಾಗದು. ಅದರಲ್ಲಿ ಜೊಳ್ಳು ಇರುತ್ತದೆ, ಕೊಳೆತದ್ದು ಇರುತ್ತದೆ. ದೊಡ್ಡಪ್ಪನಿಗೂ ಗೊತ್ತಿತ್ತು. ಅವ್ವ "ಪಣ ನಿಮ್ದು. ಕಾಯಿ ನಂದು. ತರ್ತೀನಿ" ಎಂದಷ್ಟೇ ಹೇಳಿದಳು.

ಕಾಯಿ ಬಲಿತಾಗ ಕಾರ್ತಿಕ ಮಾಸ. ನಾನು ಪರೀಕ್ಷೆ ಪಾಸು ಮಾಡಿ ಮನೆಯಲ್ಲಿದ್ದೆ. ಸೋಮವಾರ ಈಶ್ವರನ ಗುಡಿಯಲ್ಲಿ ಜನ ಇದ್ದರು, ವಿಷಯ ಎಲ್ಲರಿಗೂ ಗೊತ್ತಿತ್ತು. ಅವ್ವ ಒಂದು ಕಾಯಿ ತರಲಿಲ್ಲ. ಗೊನೆಯಲ್ಲಿದ್ದ ಅಷ್ಟನ್ನೂ ಸುಲಿದು ಚೀಲದಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದಳು. ದೊಡ್ಡಪ್ಪ ಚೀಲಕ್ಕೆ ಕೈಹಾಕಿ ಒಂದನ್ನು ತೆಗೆದು ಕಲ್ಲಿಗೆ ಹೊಡೆದರು.

ಕರಿ ನೀರು ಚಿಮ್ಮಿ ಅವರ ಬಿಳಿ ಪಂಚೆಯ ಮೇಲೆ ಬಿತ್ತು. ಗಬ್ಬು ವಾಸನೆ. ಹತ್ತಿರ ನಿಂತವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ನೋಡ್ದಾ" ಎಂದರು ದೊಡ್ಡಪ್ಪ. ಗೆದ್ದ ದನಿಯಲ್ಲಿ ಹೇಳಲಿಲ್ಲ. ಅವರಿಗೂ ಭಯವಾಗಿತ್ತು.

ಅವ್ವ ಮುಂದೆ ಬಂದು ಚೀಲದಿಂದ ಇನ್ನೊಂದು ಕಾಯಿ ತೆಗೆದಳು. ಗಂಡ ಸತ್ತ ಹೆಂಗಸು ಗುಡಿಯ ಕಲ್ಲಿನ ಮೇಲೆ ಕಾಯಿ ಒಡೆಯುವುದನ್ನು ನಮ್ಮೂರು ನೋಡಿರಲಿಲ್ಲ. ಯಾರೋ "ಏಯ್, ಏಯ್" ಎಂದರು. ಪೂಜಾರಿ ಅಜ್ಜ ಮಾತ್ರ "ಒಡೀಲಿ ಬುಡ್ರಪ್ಪ" ಎಂದು ಪಕ್ಕಕ್ಕೆ ಸರಿದರು. ಒಡೆದಳು. ಜೊಳ್ಳು. ಒಳಗೆ ಗಾಳಿ ಬಿಟ್ಟರೆ ಏನಿಲ್ಲ. ಹಿಂದೆ ನಿಂತ ಹುಡುಗರು ಕಿಸಕ್ಕೆಂದರು. ಅವ್ವ ಮೂರನೆಯದನ್ನು ತೆಗೆದಳು. ಅದು ಎರಡು ಸಮ ಹೋಳಾಗಿ ಬಿರಿದು, ತಿಳಿ ನೀರು ಕಲ್ಲಿನ ಮೇಲೆಲ್ಲ ಹರಿಯಿತು. ಒಳಗಿನ ಕಾಯಿ ಬೆಳ್ಳಗೆ, ದಪ್ಪಗೆ ಇತ್ತು.

"ತಗಳಿ ಅಜ್ಜ, ಏರಿಸಿ" ಎಂದು ಪೂಜಾರಿಗೆ ಕೊಟ್ಟಳು.

"ಮೊದಲನೇದೇ ಲೆಕ್ಕ" ಎಂದರು ದೊಡ್ಡಪ್ಪ.

"ನಾನು ಶಿವನಿಗೆ ಕಾಯಿ ಕೊಡಕ್ಕೆ ಬಂದೆ ಭಾವ. ಅವನ ಹತ್ರ ಕಣಿ ಕೇಳಕ್ಕೆ ಬರ್ಲಿಲ್ಲ. ನನಗೆ ಎರಡು ಕೆಟ್ಟದ್ದು ಕೊಟ್ಟ ಅಂತ ನಾನು ಅವನ್ನ ಕಡಿಸ್ಲಿಲ್ವಲ್ಲ."

ದೊಡ್ಡಪ್ಪನ ಮುಖ ಕೆಂಪಾಯಿತು. "ನಾಳೆ ಬೆಳಿಗ್ಗೆ ಆಳು ಕರ್ಕೊಂಡು ಬತ್ತೀನಿ" ಎಂದು ಹೊರಟುಹೋದರು. ಯಜಮಾನರು ಜನರೆದುರು ಆಡಿದ ಮಾತು. ತಡೆಯುವವರು ಯಾರೂ ಇರಲಿಲ್ಲ.

ಅವ್ವ ಬೆಳಿಗ್ಗೆ ಎಂದಿನಂತೆ ಎದ್ದಳು. ಕೊಟ್ಟಿಗೆ ಕೆಲಸ ಮುಗಿಸಿ, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ವಿಭೂತಿ, ನೀರಿನ ತಂಬಿಗೆ, ಪತ್ರೆ, ಒಂದು ಮಣೆ ಎತ್ತಿಕೊಂಡಳು. "ಮಿಕ್ಕ ಕಾಯಲ್ಲಿ ಒಂದು ಒಡ್ದು ತುರ್ಕೊಂಡು ಬೆಲ್ಲ ಹಾಕ್ಕೊಂಡು ಬಾ. ಎಡೆಗೆ" ಎಂದು ನನಗೆ ಹೇಳಿ ತೋಟಕ್ಕೆ ಹೋದಳು. ನಾನು ತುರಿದು ತೆಗೆದುಕೊಂಡು ಹೋಗುವ ಹೊತ್ತಿಗೆ ಅಣ್ಣನ ಮರದ ಬುಡಕ್ಕೆ ಬೆನ್ನು ತಾಗಿಸಿ ಕೂತು, ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗಿತ್ತು. ನಾನು ತಟ್ಟೆಯನ್ನು ಮುಂದಿಟ್ಟು ಪಕ್ಕದ ಮರಕ್ಕೆ ಒರಗಿ ನಿಂತೆ.

ದೊಡ್ಡಪ್ಪ ಇಬ್ಬರು ಆಳುಗಳ ಜೊತೆ ಬಂದರು. ಒಬ್ಬನ ಹೆಗಲ ಮೇಲೆ ಕೊಡಲಿ, ಇನ್ನೊಬ್ಬನ ಕೈಯಲ್ಲಿ ಹಗ್ಗ. ಅವ್ವನನ್ನು ಕಂಡದ್ದೇ ಆಳುಗಳಿಬ್ಬರೂ ಚಪ್ಪಲಿ ಬಿಟ್ಟು, ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ಅಮ್ನೋರು ಪೂಜೆಗೆ ಕೂತವ್ರೆ ಯಜಮಾನ್ರೆ."

"ಕಾಣ್ತದೆ. ಈಗ ಮುಗೀತದೆ, ಇರ್ರಿ."

ಕಾಫಿ ನೀರು ಕುದಿಯುವಷ್ಟು ಹೊತ್ತು ಕಳೆಯಿತು. ಅನ್ನ ಬೇಯುವಷ್ಟು ಹೊತ್ತು ಕಳೆಯಿತು. ಅವ್ವನ ಕಣ್ಣು ಅಂಗೈಯ ಮೇಲೆ. ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ಬಿಸಿಲು ಸೋಗೆಯ ಸಂದಿನಿಂದ ಇಳಿದು ಅವಳ ಮೊಣಕಾಲಿಗೆ ಬಂತು. ದೊಡ್ಡಪ್ಪ ಅತ್ತ ಹೋಗಿ ಇತ್ತ ಬಂದರು. ಕೊನೆಗೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬೇಗ ಮುಗ್ಸು ಅಂತ ಹೇಳೇ ಅವ್ಳಿಗೆ" ಎಂದರು.

"ಪೂಜೇಲಿ ಇರೋರ್ನ ಮಾತಾಡಿಸ್ಬಾರ್ದು ದೊಡ್ಡಪ್ಪ. ನೀವೇ ಹೇಳ್ಕೊಟ್ಟಿದ್ದು."

"ಡಿಗ್ರಿ ಮಾಡ್ಕೊಂಡು ಇದನ್ನೇ ಕಲ್ತಿದ್ದಾ ನೀನು?"

"ಇದನ್ನ ಡಿಗ್ರಿಗೆ ಮುಂಚೆನೇ ಕಲ್ತಿದ್ದೆ."

ಕೊಡಲಿಯವನು ನಗು ತಡೆಯಲು ಕೆಮ್ಮಿದ. ಆಮೇಲೆ ಆಳುಗಳಿಬ್ಬರೂ ಕೊಡಲಿಯನ್ನು ನೆಲಕ್ಕಿಟ್ಟು ನೆರಳಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಬಿಸಿಲು ಅವ್ವನ ಮಡಿಲಿಗೆ ಏರಿತು. ಎಡಗೈ ಸೋತು ಇಳಿಯುತ್ತ ಬಂದದ್ದು ನನಗೆ ಕಂಡಿತು. ಆ ಕೈಗೆ ಬಲಗೈಯ ಆಸರೆ ಕೊಟ್ಟಳು, ಕೆಳಗಿಳಿಸಲಿಲ್ಲ. ಹಿರಿಯ ಆಳು ಎದ್ದು ನಿಂತ.

"ಯಜಮಾನ್ರೆ, ಇನ್ನೊಂದ್ ಕಡೆ ಕೆಲ್ಸ ಒಪ್ಕೊಂಡಿದ್ದೀವಿ. ಹೋಗ್ಬೇಕು."

"ಸ್ವಲ್ಪ ಹೊತ್ತು ಇರ್ರೋ."

"ಇದ್ರೂ ಕಡಿಯಕ್ಕಾಗಲ್ಲ ಬುಡಿ. ನಮ್ಮ ಕೊರಳಲ್ಲೂ ಲಿಂಗ ಐತೆ. ಪೂಜೆ ಆದ ಬುಡಕ್ಕೆ ಕೊಡ್ಲಿ ಹಾಕು ಅಂದ್ರೆ ಹೆಂಗೆ?"

ಅವ್ವನ ಕಡೆಗೆ ಕೈಮುಗಿದು, ಚಪ್ಪಲಿಗಳನ್ನು ಕೈಯಲ್ಲೇ ಹಿಡಿದುಕೊಂಡು, ಇಬ್ಬರೂ ಹೊರಟುಹೋದರು.

ದೊಡ್ಡಪ್ಪ ಒಬ್ಬರೇ ಉಳಿದರು. ಹೋಗಲೂ ಇಲ್ಲ. ಪಾತಿಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಹೆಂಟೆ ಪುಡಿ ಮಾಡುತ್ತಿದ್ದರು. ಅವರು ಕೂತದ್ದು ಅಣ್ಣನ ಸಮಾಧಿಯ ಎದುರಿಗೇ. ಬಹುಶಃ ಮಣ್ಣು ಮುಚ್ಚಿದ ದಿನದ ನಂತರ ಅವರು ಅಲ್ಲಿ ಕೂತದ್ದು ಅದೇ ಮೊದಲು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅವ್ವ ತುರಿದ ಕಾಯಿಯನ್ನು ಲಿಂಗಕ್ಕೆ ತೋರಿಸಿ, ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಕಾಲು ಜೋಮು ಹಿಡಿದಿತ್ತು. ಮರ ಹಿಡಿದುಕೊಂಡು ಎದ್ದಳು. ತಟ್ಟೆ ಎತ್ತಿಕೊಂಡು ಸೀದಾ ದೊಡ್ಡಪ್ಪನ ಮುಂದೆ ಹೋಗಿ ಹಿಡಿದಳು.

"ಪ್ರಸಾದ ಭಾವ."

ಅದು ಯಾವ ಮರದ ಕಾಯಿ ಎಂದು ಅವರಿಗೆ ಗೊತ್ತಿತ್ತು. ಲಿಂಗಕ್ಕೆ ಎಡೆಯಾದದ್ದನ್ನು ಬೇಡ ಎನ್ನುವ ಹಾಗಿಲ್ಲ ಎಂಬುದೂ ಗೊತ್ತಿತ್ತು. ತಟ್ಟೆಯನ್ನು ನೋಡಿದರು, ಮರದ ಸುಳಿಯನ್ನು ನೋಡಿದರು. ಅವ್ವ ಕೈ ಹಿಂದೆ ತೆಗೆಯಲಿಲ್ಲ. ದೊಡ್ಡಪ್ಪ ಎದ್ದು, ಬಲ ಅಂಗೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ನುಂಗಿದರು.

"ಸಿಹಿ ಐತೆ" ಎಂದರು, ಯಾರಿಗೋ ಹೇಳಿದ ಹಾಗೆ.

"ಬೀಜ ಆರಿಸ್ದೋನು ಅವ್ನಲ್ವ" ಎಂದಳು ಅವ್ವ.

ಆಮೇಲೆ ಆ ಮರದ ಮಾತನ್ನು ದೊಡ್ಡಪ್ಪ ಎತ್ತಲಿಲ್ಲ. ಕ್ಷಮೆಯ ಮಾತೂ ಇಲ್ಲ, ರಾಜಿಯ ಮಾತೂ ಇಲ್ಲ, ನಮ್ಮ ಕಡೆ ಅವೆಲ್ಲ ಬಾಯಲ್ಲಿ ಬರುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರ ಆಳು ಮೋಟಾರು ಹಾಕಿದಾಗ ಕಾಲುವೆಯ ನೀರು ಆ ಪಾತಿಗೂ ತಿರುಗಿರುತ್ತಿತ್ತು. ತಿರುಗಿಸಿದ್ದು ಯಾರು ಎಂದು ನಾವು ಕೇಳಲಿಲ್ಲ.

ಪ್ರಸಾದ ಕೊಟ್ಟ ಆ ಮಧ್ಯಾಹ್ನ ಮನೆಗೆ ಬಂದು ಮುದ್ದೆ ಉಣ್ಣುವಾಗ ನಾನು ಅವ್ವನನ್ನು ಕೇಳಿದೆ: "ದಿನಾ ಕಾಫಿ ಕುದಿಯೋದ್ರೊಳಗೆ ಮುಗಿಸ್ತೀಯ. ಇವತ್ತು ಅಷ್ಟೊತ್ತು ಏನ್ ಹೇಳ್ಕೊಳ್ತಿದ್ದೆ ಶಿವನ ಹತ್ರ?"

ಅವ್ವ ಮುದ್ದೆ ಮುರಿದು ಹುರುಳಿ ಸಾರಿನಲ್ಲಿ ಅದ್ದಿದಳು.

"ಬೈತಿದ್ದೆ" ಎಂದಳು. "ನಿಮ್ಮಪ್ಪ ಹೋದಾಗ್ನಿಂದ ಬೈಬೇಕು ಅಂತ ಇತ್ತು, ದಿನಾ ಕೆಲ್ಸಕ್ಕೆ ಹೊತ್ತಾಯ್ತಿತ್ತು. ಇವತ್ತು ಪುರುಸೊತ್ತಾಯ್ತು."

ಉಂಡು ಕೈ ತೊಳೆದು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು. ಮಾರನೆಯ ಬೆಳಿಗ್ಗೆ ಎಂದಿನ ಜಾಗದಲ್ಲಿ, ಒಲೆಯ ಪಕ್ಕದಲ್ಲಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕೂತಳು. ಕಾಫಿ ನೀರು ಕುದಿಯುವ ಮೊದಲೇ ಎದ್ದಳು.